ಉಳಿದ ಅನ್ನದಿಂದ ಶುರು ಮಾಡೋಣ

ಹೊಸದಾಗಿ ಮನೆ ಹೂಡಿದವರು, ಆಹಾರ ದಂಡವಾಗುವುದನ್ನು ತಡೆಯುವುದು ಹೇಗೆ ಎಂದು ಕೇಳಿದರೆ, ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಎನ್ನುತ್ತೇನೆ. ಒಂದು ವಾರ ಏನನ್ನೂ ಬದಲಿಸಬೇಡಿ. ಹಸಿ ಕಸದ ಬುಟ್ಟಿಗೆ ಹಾಕುವ ಮುನ್ನ ಬರೆಯಿರಿ: ಎರಡು ಸೌಟು ಅನ್ನ, ಕೊಳೆತ ಅರ್ಧ ಕಟ್ಟು ಕೊತ್ತಂಬರಿ, ವಿಪರೀತ ಹುಳಿ ಬಂದ ದೋಸೆ ಹಿಟ್ಟು. ವಾರ ಕಳೆದು ಓದಿದರೆ, ಎರಡೋ ಮೂರೋ ಪದಾರ್ಥಗಳೇ ಪದೇ ಪದೇ ಹಾಳಾಗುತ್ತಿರುವುದು ಕಾಣುತ್ತದೆ. ಅಷ್ಟನ್ನು ಹಿಡಿದರೆ ಸಾಕು.

ಮನೆಯ ಬುಟ್ಟಿಯನ್ನೇ ಯಾಕೆ ನೋಡಬೇಕೆಂದರೆ, ಪೋಲಿನ ದೊಡ್ಡ ಪಾಲು ಅಲ್ಲೇ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಿಂದ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಅದರಲ್ಲಿ ಶೇ 60ರಷ್ಟು ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಎಂಬ ಅಂದಾಜು ಅಲ್ಲಿದೆ. ತಿನ್ನದೆ ಬಿಸಾಡುವ ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿ ಸೇರಿವೆ. ಸಿಪ್ಪೆಯ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯ ಚೀಟಿಗಳಲ್ಲಿ ಅನ್ನ ಇದ್ದೇ ಇರುತ್ತದೆ. ಒಂದು ಲೋಟ ಅಕ್ಕಿ ಬೆಂದು ಸುಮಾರು ಮೂರು ಲೋಟ ಅನ್ನವಾಗುತ್ತದೆ. ಕಣ್ಣಂದಾಜಿನಲ್ಲಿ ಸುರಿದ ಒಂದು ಹಿಡಿ ಹೆಚ್ಚುವರಿ ಅಕ್ಕಿಯೂ ರಾತ್ರಿಗೆ ದೊಡ್ಡದಾಗಿಯೇ ಕಾಣಿಸುತ್ತದೆ. ಆದ್ದರಿಂದ ಅಳತೆಗೆ ಒಂದೇ ಲೋಟ ಇಟ್ಟುಕೊಳ್ಳಿ. ಆದರೂ ಉಳಿಯುತ್ತದೆ, ಉಳಿಯಲಿ. ಉಳಿದದ್ದಕ್ಕೆ ಅಂದೇ ಒಂದು ದಾರಿ ತೋರಿಸುವುದನ್ನು ರೂಢಿ ಮಾಡಿಕೊಳ್ಳಿ. ‘ನಾಳೆ ನೋಡೋಣ’ ಎಂದು ಕುಕ್ಕರಿನಲ್ಲೇ ಮುಚ್ಚಿಟ್ಟದ್ದು ನಾಳೆ ಬುಟ್ಟಿಗೇ ಹೋಗುತ್ತದೆ.

ಇಲ್ಲಿ ಆರೋಗ್ಯದ ವಿಚಾರವೂ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಹೊರಗಿದ್ದರೆ ಅವು ಚಿಗುರಿ, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಬೆಂದ ಎರಡು ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನವೇ ಮುಗಿಸಿ. ತಣ್ಣಗಾದ ಅನ್ನ ಗಟ್ಟಿಯಾಗಿ ಉದುರುದುರಾಗುವುದರಿಂದ ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಅದೇ ಚೆನ್ನ. ತಿನ್ನುವ ಮುನ್ನ ಹಬೆಯಾಡುವಷ್ಟು ಬಿಸಿ ಮಾಡಿ. ಇಡೀ ರಾತ್ರಿ ಬೆಚ್ಚಗೆ ಹೊರಗುಳಿದ ಅನ್ನವನ್ನು ಮಾತ್ರ ಉಳಿಸಲು ಹೋಗಬೇಡಿ, ಬೂಷ್ಟು ಹಿಡಿದ ಪಲ್ಯವನ್ನೂ ಅಷ್ಟೇ.

ಇನ್ನು ಸೊಪ್ಪು. ತಂದ ದಿನವೇ ಕಟ್ಟು ಬಿಚ್ಚಿ, ಕೊಳೆತ ಎಲೆ ಆರಿಸಿ, ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿಡಿ. ತೊಳೆಯುವುದು ಅಡುಗೆಗೆ ಮುಂಚೆ. ಮಾಗುವ ಬಾಳೆಹಣ್ಣು, ಟೊಮೆಟೊ ಎಥಿಲೀನ್ ಎಂಬ ಅನಿಲ ಬಿಡುತ್ತವೆ; ಪಕ್ಕದಲ್ಲಿ ಸೊಪ್ಪಿದ್ದರೆ ಬೇಗ ಹಳದಿಯಾಗುತ್ತದೆ.

ಈಗ ಸಿಪ್ಪೆ. ನಮ್ಮ ಅಡುಗೆಯಲ್ಲಿ ನನಗೆ ಬಹಳ ಪ್ರೀತಿಯ ಭಾಗ ಇದು. ಹೀರೆಕಾಯಿಯ ಎಳೆಯ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಮೆಣಸಿನಕಾಯಿ, ಹುಣಸೆ, ತೆಂಗಿನತುರಿ ಸೇರಿಸಿ ರುಬ್ಬಿದರೆ ಬಿಸಿ ಅನ್ನಕ್ಕೆ ಚಟ್ನಿ ಸಿದ್ಧ. ಕರಾವಳಿಯವರು ಕಲ್ಲಂಗಡಿಯ ಕೆಂಪು ತಿಂದು, ಒಳಗಿನ ಬಿಳಿ ಭಾಗವನ್ನು ಅಕ್ಕಿಯೊಂದಿಗೆ ರುಬ್ಬಿ ದೋಸೆ ಹುಯ್ಯುತ್ತಾರೆ. ಹಲಸಿನ ಬೀಜವನ್ನು ಒಣಗಿಸಿಟ್ಟು ಸಾರು, ಪಲ್ಯ ಮಾಡುತ್ತಾರೆ. ಕಪ್ಪಾಗಿ ಮೆತ್ತಗಾದ ಬಾಳೆಹಣ್ಣು ಮಂಗಳೂರು ಬನ್ಸಿಗೆ ಬೇಕೇ ಬೇಕು. ಗಟ್ಟಿ ಹಣ್ಣಿಗೆ ಆ ಸಿಹಿ ಬರುವುದಿಲ್ಲ. ಇವನ್ನು ಕಂಡುಕೊಂಡವರು ಬಡತನಕ್ಕೆ ಅಂಜಿ ಮಾತ್ರ ಮಾಡಿದವರಲ್ಲ, ರುಚಿ ಬಲ್ಲವರು ಎಂದು ನಾನು ನಂಬುತ್ತೇನೆ. ಆದರೆ ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆ ಬೇಡ, ಅದರಲ್ಲಿ ಸೋಲನಿನ್ ಎಂಬ ವಿಷವಿರುತ್ತದೆ.

ಇಷ್ಟರ ಮೇಲೂ ಮಿಕ್ಕಿದ್ದನ್ನು ಹಿಂದೆ ಕಲಗಚ್ಚಿನ ಬಾನಿಗೆ ಹಾಕಿದರೆ ದನ ತಿನ್ನುತ್ತಿತ್ತು. ಪಟ್ಟಣದ ಮನೆಗೆ ದನವಿಲ್ಲ. ಕಸದ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಅದರಿಂದ ಮೀಥೇನ್ ಎಂಬ ಅನಿಲ ಹೊರಟು ಭೂಮಿಯ ಬಿಸಿ ಏರಿಸುತ್ತದೆ. ಅದರ ಬದಲು ಮನೆಯಲ್ಲೇ ಗೊಬ್ಬರ ಮಾಡಿ. ತಳಕ್ಕೆ ತೂತು ಕೊರೆದ ಮಣ್ಣಿನ ಕುಂಡದಲ್ಲಿ ತರಕಾರಿ ಕಸ ಒಂದು ಪದರ, ಒಣ ಎಲೆ ಒಂದು ಪದರ ಹಾಕುತ್ತ ಬನ್ನಿ. ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ. ಇನ್ನೊಂದು ಹಿಡಿ ಒಣ ಎಲೆ ಹಾಕಿ ಕೆದಕಿ.