ತಪ್ಪು ತಂತಿಯದು, ಅಪವಾದ ಚಿಪ್‌ಗೆ

ಮೈಕ್ರೋಕಂಟ್ರೋಲರ್ ಎಂಬುದು ಒಂದೇ ಚಿಪ್‌ನಲ್ಲಿ ಅಡಗಿದ ಚಿಕ್ಕ ಗಣಕಯಂತ್ರ. ನಾವು ಬರೆದ ಆದೇಶಗಳನ್ನು ಅದರೊಳಗೆ ತುಂಬುವ ಉಪಕರಣವೇ ಪ್ರೋಗ್ರಾಮರ್.

ನಮ್ಮ ತಂದೆಯವರ ಬಾವಿಯ ನೀರಿನ ಮಟ್ಟ ತಿಳಿಸುವ ಸಾಧನವನ್ನು ಮಾಡಬೇಕೆಂದು ಎಟಿಮೆಗಾ 328ಪಿ ಎಂಬ 28 ಕಾಲಿನ ಚಿಪ್ ಕೊಂಡೆನು. ಪ್ರೋಗ್ರಾಮರಿಗೆ ಜೋಡಿಸಿದರೆ ಉತ್ತರವೇ ಇಲ್ಲ! ಚಿಪ್ ಕೆಟ್ಟಿತೆಂದೇ ಬಗೆದೆನು. ಇನ್ನೊಂದಕ್ಕೆ ಮನೆಯಲ್ಲಿ ಹಣ ಕೇಳಲು ನಾಲಗೆ ಏಳಲಿಲ್ಲ. ಆದುದರಿಂದ ಮೀಟರು ಹಿಡಿದು ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆನು.

ಮೊದಲು ವಿದ್ಯುತ್ತು: 7 ಮತ್ತು 20ನೆಯ ಕಾಲುಗಳಿಗೆ 5 ವೋಲ್ಟ್ ಬರುತ್ತಿತ್ತು. 8 ಮತ್ತು 22 ಗ್ರೌಂಡಿಗೆ ಸೇರಿದ್ದುವು. ಪ್ರೋಗ್ರಾಮರಿನ ಗ್ರೌಂಡೂ ಅಲ್ಲಿಯೇ ಕೂಡಬೇಕು. ರೀಸೆಟ್ 1ರಲ್ಲಿ, ತಾಳ ಹಾಕುವ ಎಸ್‌ಸಿಕೆ 19ರಲ್ಲಿ ಸರಿಯಾಗಿದ್ದುವು. ಹೊಸ ಚಿಪ್‌ನ ಗತಿ 1 ಮೆಗಾಹರ್ಟ್ಸ್ ಮಾತ್ರವಾದುದರಿಂದ ಪ್ರೋಗ್ರಾಮರಿನ ವೇಗವನ್ನೂ ತಗ್ಗಿಸಿದೆನು.

ತಪ್ಪಿದ್ದುದು 17 ಮತ್ತು 18ರಲ್ಲಿ. ಸೀರಿಯಲ್ ಜೋಡಣೆಯಲ್ಲಿ ಒಂದರ ಕಳುಹಿಸುವ ಕಾಲನ್ನು ಇನ್ನೊಂದರ ಪಡೆಯುವ ಕಾಲಿಗೆ ಸೇರಿಸುವೆವು. ಆ ರೂಢಿಯಿಂದ ಇಲ್ಲಿಯೂ ಅದಲುಬದಲು ಮಾಡಿದ್ದೆನು. ಇಲ್ಲಿ ಮೋಸಿಗೆ ಮೋಸಿ (17), ಮಿಸೋಗೆ ಮಿಸೋ (18); ಹೆಸರಿಗೆ ಹೆಸರೇ ಕೂಡಬೇಕು. ಸರಿಪಡಿಸಿದೊಡನೆ ಚಿಪ್ ತನ್ನ ಗುರುತಾದ 1ಇ 95 0ಎಫ್ ಎಂಬುದನ್ನು ಒಪ್ಪಿಸಿತು.

ಮಿತ್ರರೇ, ಕೆಟ್ಟಿತೆಂದು ಎಸೆಯುವ ಮುನ್ನ ತಂತಿಯನ್ನು ನೋಡಿರಿ.