ಹಾರಲು ಬಿಡದ ಲಂಗ: 18ನೇ ಶತಮಾನದ ಬ್ಯಾಲೆ ಮತ್ತು ಅದರ ಉಡುಪು

ಕಳೆದ ಸಲ ಕಾಲೇಜ್ ಫೆಸ್ಟ್‌ನಲ್ಲಿ ನಮ್ಮ ಗುಂಪು ಒಂದು ಡ್ಯಾನ್ಸ್ ಮಾಡಿತ್ತು. ಮೂರು ವಾರ ಟ್ರ್ಯಾಕ್ ಪ್ಯಾಂಟ್‌ನಲ್ಲೇ ಪ್ರಾಕ್ಟೀಸ್. ಕಾರ್ಯಕ್ರಮದ ದಿನ ಸಂಜೆ ಬಾಡಿಗೆ ಕಾಸ್ಟ್ಯೂಮ್ ಬಂತು. ಹಾಕ್ಕೊಂಡು ಸ್ಟೇಜ್ ಹತ್ತಿದ ಮೇಲೆ ಗೊತ್ತಾಯ್ತು, ಅದರಲ್ಲಿ ಕಾಲು ಎತ್ತೋಕೇ ಆಗಲ್ಲ ಅಂತ. ಕಷ್ಟಪಟ್ಟು ಕಲಿತ ಫುಟ್‌ವರ್ಕ್ ಎಲ್ಲಾ ಉದ್ದ ಲಂಗದ ಒಳಗೇ ಮುಗಿದುಹೋಯ್ತು. ಆಮೇಲೆ ವಿಡಿಯೋ ನೋಡಿದ್ರೆ ನಾವು ಸುಮ್ಮನೆ ಅತ್ತಿಂದಿತ್ತ ಓಡಾಡಿದ ಹಾಗಿತ್ತು.

ಆ ಬೇಜಾರಲ್ಲಿ ನೃತ್ಯದ ಉಡುಪಿನ ಬಗ್ಗೆ ಓದೋಕೆ ಶುರು ಮಾಡಿದ್ವಿ. ಸುಮಾರು 300 ವರ್ಷಗಳ ಹಿಂದೆ ಪ್ಯಾರಿಸ್‌ನ ದೊಡ್ಡ ದೊಡ್ಡ ಕಲಾವಿದರಿಗೂ ಇದೇ ತೊಂದರೆ ಇತ್ತು ಅಂತ ತಿಳಿದು ಸ್ವಲ್ಪ ಸಮಾಧಾನ ಆಯ್ತು. ಓದಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇವೆ.

ಅರಮನೆಯಿಂದ ರಂಗಕ್ಕೆ

ಬ್ಯಾಲೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬಿಳಿ ಜಾಲರಿ ಲಂಗ, ಬೆರಳ ತುದಿಯ ಮೇಲೆ ನಿಂತ ಹುಡುಗಿ. ಆದರೆ ಆ ಚಿತ್ರ 19ನೇ ಶತಮಾನದ್ದು. 1832ರಲ್ಲಿ ಮರೀ ಟಾಲಿಯೋನಿ ‘ಲಾ ಸಿಲ್ಫೀಡ್’ನಲ್ಲಿ ಕುಣಿದ ಮೇಲೆ ಜನಪ್ರಿಯವಾದದ್ದು. ಅದಕ್ಕೂ ಹಿಂದೆ ಕಥೆ ಬೇರೆಯೇ ಇತ್ತು.

ಫ್ರಾನ್ಸ್‌ನಲ್ಲಿ ಬ್ಯಾಲೆ ಬೆಳೆದದ್ದು ಅರಮನೆಯಲ್ಲಿ. ರಾಜ 14ನೇ ಲೂಯಿ 1653ರಲ್ಲಿ ತಾನೇ ಸೂರ್ಯನ ವೇಷ ಹಾಕಿ ಕುಣಿದಿದ್ದ. 1661ರಲ್ಲಿ ನೃತ್ಯಕ್ಕಾಗಿಯೇ ರಾಜ ಅಕಾಡೆಮಿ ಸ್ಥಾಪಿಸಿದ. 1681ರಲ್ಲಿ ಪ್ಯಾರಿಸ್ ಒಪೆರಾದ ರಂಗದ ಮೇಲೆ ಮೊದಲ ಬಾರಿಗೆ ವೃತ್ತಿಪರ ನರ್ತಕಿಯರು ಬಂದರು. ಹೀಗೆ ನೃತ್ಯ ಅರಮನೆ ಬಿಟ್ಟು ಹೊರಗೆ ಬಂತು, ಆದರೆ ಅರಮನೆಯ ಬಟ್ಟೆ ಅದರ ಮೈಬಿಡಲಿಲ್ಲ. ಪಾತ್ರ ದೇವತೆಯದ್ದಿರಲಿ, ಹಳ್ಳಿ ಹುಡುಗಿಯದ್ದಿರಲಿ, ಆಗಿನ ರಾಜಮನೆತನದ ಫ್ಯಾಷನ್ ಏನಿತ್ತೋ ಅದೇ ಉಡುಪು. ಅದರ ಮೇಲೆ ಒಂದಿಷ್ಟು ಗರಿ, ಜರಿ, ಹೂವು ಸೇರಿಸಿದರೆ ಪಾತ್ರ ರೆಡಿ.

ಮೈಮೇಲೆ ಏನೇನಿತ್ತು?

ಹೆಂಗಸರಿಗೆ ‘ಪಾನಿಯೆ’. ಫ್ರೆಂಚ್‌ನಲ್ಲಿ ಈ ಪದಕ್ಕೆ ಬುಟ್ಟಿ ಅಂತ ಅರ್ಥ. ತಿಮಿಂಗಿಲದ ಬಾಯಲ್ಲಿ ಸಿಗುವ ಬಾಗುವ ಪಟ್ಟಿ ಅಥವಾ ಬೆತ್ತದಿಂದ ಮಾಡಿದ ಚೌಕಟ್ಟು ಅದು. ಸೊಂಟದ ಎರಡೂ ಕಡೆ ಲಂಗವನ್ನು ಅಗಲವಾಗಿ ಹರಡಿಸಿ ಹಿಡಿಯುತ್ತಿತ್ತು. ಮೇಲೆ ಎದೆ, ಬೆನ್ನು ಬಿಗಿಯುವ ಕಾರ್ಸೆಟ್, ಕೆಳಗೆ ಹೀಲ್ ಇರುವ ಬೂಟು.

ಗಂಡಸರಿಗೂ ಲಂಗ ಇತ್ತು ಅಂದ್ರೆ ನಗಬೇಡಿ. ‘ಟೊನ್ನೆಲೆ’ ಅಂತ ಅದರ ಹೆಸರು. ಸೊಂಟದ ಸುತ್ತ ಕೊಡೆಯ ಹಾಗೆ ಬಿರುಸಾಗಿ ನಿಲ್ಲುವ ಗಿಡ್ಡ ಲಂಗ. ತಲೆಗೆ ವಿಗ್, ಮುಖಕ್ಕೆ ಮುಖವಾಡ. ಒಂದು ವ್ಯತ್ಯಾಸ ಮಾತ್ರ ಮುಖ್ಯ: ಟೊನ್ನೆಲೆ ಮೊಣಕಾಲಿನ ಹತ್ತಿರ ಮುಗಿಯುತ್ತಿತ್ತು. ಅಂದರೆ ಗಂಡಸರ ಕಾಲು ಕಾಣುತ್ತಿತ್ತು, ಹೆಂಗಸರದ್ದು ಕಾಣುತ್ತಿರಲಿಲ್ಲ. ಹಾಗಾಗಿ ಕಷ್ಟದ ಜಿಗಿತ, ಕಾಲಿನ ಚಮತ್ಕಾರ ಎಲ್ಲಾ ಗಂಡಸರ ಪಾಲಾಯ್ತು. ಹೆಂಗಸರಿಗೆ ಬರಲ್ಲ ಅಂತಲ್ಲ, ಅವರ ಬಟ್ಟೆ ಅದಕ್ಕೆ ಜಾಗ ಕೊಡಲಿಲ್ಲ.

ಕಮಾರ್ಗೊ ಮತ್ತು ಅರ್ಧ ಸೆಕೆಂಡಿನ ಲೆಕ್ಕ

ಬ್ರಸೆಲ್ಸ್‌ನಲ್ಲಿ ಹುಟ್ಟಿದ ಮರೀ ಕಮಾರ್ಗೊ 1726ರಲ್ಲಿ ಪ್ಯಾರಿಸ್ ಒಪೆರಾಗೆ ಬಂದಳು. ಆಗ ಆಕೆಗೆ ಹದಿನಾರು ವರ್ಷ, ನಮಗಿಂತ ಚಿಕ್ಕವಳು. ಗಂಡಸರು ಮಾತ್ರ ಮಾಡುತ್ತಿದ್ದ ‘ಆಂತ್ರಶಾ ಕಾತ್ರ್’ ಎಂಬ ಜಿಗಿತ ಆಕೆಗೆ ಸಲೀಸು. ಇದರಲ್ಲಿ ನೆಗೆದು ಗಾಳಿಯಲ್ಲಿರುವಾಗಲೇ ಮುಂದಿನ ಕಾಲು ಹಿಂದೆ, ಹಿಂದಿನದು ಮುಂದೆ ಹೋಗಿ, ಮತ್ತೆ ಮೊದಲಿನ ಜಾಗಕ್ಕೇ ಬಂದು ಇಳಿಯಬೇಕು.

ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. ಒಬ್ಬರು 30 ಸೆಂಟಿಮೀಟರ್ ನೆಗೆದರೆ ಗಾಳಿಯಲ್ಲಿರೋದು ಸುಮಾರು ಅರ್ಧ ಸೆಕೆಂಡ್ ಅಷ್ಟೇ. 15 ಸೆಂಟಿಮೀಟರ್ ಆದರೆ ಸುಮಾರು 0.35 ಸೆಕೆಂಡ್. ಅಷ್ಟರಲ್ಲಿ ಎರಡು ಸಲ ಕಾಲು ಅದಲುಬದಲು ಆಗಬೇಕು. ನೆಲ ಮುಟ್ಟುವ ಲಂಗ ಹಾಕ್ಕೊಂಡು ಇದನ್ನು ಮಾಡಿದರೆ ನೋಡುವವರಿಗೆ ಏನು ಕಾಣುತ್ತೆ? ಲಂಗ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು, ಅಷ್ಟೇ.

ಕಮಾರ್ಗೊ ಲಂಗವನ್ನು ಪಾದದ ಕೀಲು ಕಾಣುವಷ್ಟು ಮೇಲಕ್ಕೆ ಗಿಡ್ಡ ಮಾಡಿಸಿದಳು. ಬೂಟಿನ ಹೀಲ್ ತೆಗೆಸಿದ ಕೀರ್ತಿಯನ್ನೂ ಆಕೆಗೇ ಕೊಡುತ್ತಾರೆ. ಹೀಲ್‌ಗೂ ಜಿಗಿತಕ್ಕೂ ಏನು ಸಂಬಂಧ ಅಂದ್ರೆ, ನೆಗೆಯುವಾಗ ಕೊನೆಯ ತಳ್ಳು ಬರೋದು ಹಿಮ್ಮಡಿ ನೆಲದಿಂದ ಮೇಲೇಳುವಾಗ. ಹೀಲ್ ಇದ್ದರೆ ಹಿಮ್ಮಡಿ ಆಗಲೇ ಅರ್ಧ ಎದ್ದಿರುತ್ತೆ, ತಳ್ಳಲು ಉಳಿಯುವ ದೂರ ಕಡಿಮೆ. ಕೆಲವೇ ಇಂಚು ಬಟ್ಟೆ ಕತ್ತರಿಸಿದ್ದು ಇವತ್ತು ಸಣ್ಣ ವಿಷಯ ಅನ್ನಿಸಬಹುದು. ಅಂದಿನ ಪ್ಯಾರಿಸ್‌ನಲ್ಲಿ ಅದು ಊರೆಲ್ಲ ಮಾತಾಡುವ ಸುದ್ದಿ.

ಸಾಲೆ: ಕಲ್ಲಿನ ಪ್ರತಿಮೆಗೆ ಬುಟ್ಟಿ ಲಂಗ ಯಾಕೆ?

ಅದೇ ಕಾಲದ ಮರೀ ಸಾಲೆಯ ಪ್ರಶ್ನೆ ಬೇರೆ. ಆಕೆಗೆ ಜಿಗಿತಕ್ಕಿಂತ ಅಭಿನಯ ಮುಖ್ಯ. 1734ರಲ್ಲಿ ಲಂಡನ್‌ನ ಕೋವೆಂಟ್ ಗಾರ್ಡನ್‌ನಲ್ಲಿ ‘ಪಿಗ್ಮೇಲಿಯನ್’ ಆಡಿದಳು. ಶಿಲ್ಪಿಯೊಬ್ಬ ತಾನೇ ಕಡೆದ ಪ್ರತಿಮೆಯನ್ನು ಪ್ರೀತಿಸುತ್ತಾನೆ, ಪ್ರತಿಮೆಗೆ ಜೀವ ಬರುತ್ತದೆ. ಇದು ಕಥೆ. ಗ್ರೀಕ್ ಪ್ರತಿಮೆ ಪಾನಿಯೆ ಹಾಕ್ಕೊಂಡು ನಿಂತರೆ ಹೇಗಿರುತ್ತೆ ಯೋಚಿಸಿ. ಸಾಲೆ ಪಾನಿಯೆ ಬಿಟ್ಟಳು, ತಲೆಗೆ ಆಭರಣವಿಲ್ಲದೆ ಕೂದಲು ಇಳಿಬಿಟ್ಟಳು, ಗ್ರೀಕ್ ಪ್ರತಿಮೆಗಳಲ್ಲಿ ಕಾಣುವ ಹಾಗೆ ಸರಳವಾದ ಮಸ್ಲಿನ್ ಉಟ್ಟಳು. ಲಂಡನ್ ಮೆಚ್ಚಿಕೊಂಡಿತು, ಪ್ಯಾರಿಸ್‌ನ ಪತ್ರಿಕೆಯಲ್ಲೂ ಸುದ್ದಿಯಾಯ್ತು.

ಆದರೆ ಮರುವರ್ಷವೇ, 1735ರಲ್ಲಿ, ಹ್ಯಾಂಡಲ್‌ನ ‘ಅಲ್ಚೀನಾ’ ಒಪೆರಾದಲ್ಲಿ ಮನ್ಮಥನ ಪಾತ್ರಕ್ಕೆ ಗಂಡಸಿನ ಉಡುಪಲ್ಲಿ ಬಂದಾಗ ಅದೇ ಲಂಡನ್ ಸಿಡಿಮಿಡಿಗೊಂಡಿತು. ಸಾಲೆ ಪ್ಯಾರಿಸ್‌ಗೆ ವಾಪಸ್ ಹೋದಳು. ಪಾತ್ರಕ್ಕೆ ತಕ್ಕ ಬಟ್ಟೆ ಅನ್ನೋ ತತ್ವ ಎರಡೂ ಸಲ ಒಂದೇ. ನೋಡುವವರ ತಾಳ್ಮೆಗೆ ಮಾತ್ರ ಗೆರೆ ಇತ್ತು. ಪ್ರಯೋಗ ಮಾಡಿದವರು ಆ ಗೆರೆ ಎಲ್ಲಿದೆ ಅಂತ ತಿಳಿದುಕೊಂಡದ್ದು ಅದಕ್ಕೆ ಡಿಕ್ಕಿ ಹೊಡೆದ ಮೇಲೆ.

ನೊವೆರ್ ಬರೆದ, ಗಾರ್ಡೆಲ್ ಮುಖವಾಡ ತೆಗೆದ

1760ರಲ್ಲಿ ಝಾಂ-ಜಾರ್ಜ್ ನೊವೆರ್ ನೃತ್ಯದ ಬಗ್ಗೆ ಪತ್ರಗಳ ರೂಪದಲ್ಲಿ ಒಂದು ಪುಸ್ತಕ ಪ್ರಕಟಿಸಿದ. ನೃತ್ಯ ಕಥೆ ಹೇಳಬೇಕು, ಭಾವ ಮುಖದಲ್ಲಿ ಕಾಣಬೇಕು, ಆದ್ದರಿಂದ ಮುಖವಾಡ, ದೊಡ್ಡ ವಿಗ್, ಟೊನ್ನೆಲೆ, ಪಾನಿಯೆ ಹೋಗಬೇಕು ಎನ್ನುವುದು ಅವನ ವಾದ. ಪ್ಯಾರಿಸ್ ಒಪೆರಾ ಅವನನ್ನು ಕೆಲಸಕ್ಕೆ ತೆಗೆದುಕೊಂಡದ್ದು 1776ರಲ್ಲಿ, ಅಂದರೆ 16 ವರ್ಷ ಆದ ಮೇಲೆ. ಅದೂ ವಿಯೆನ್ನಾದಲ್ಲಿ ಅವನ ಹತ್ತಿರ ನೃತ್ಯ ಕಲಿತಿದ್ದ ಹುಡುಗಿ ಫ್ರಾನ್ಸ್‌ನ ರಾಣಿ ಆಗಿದ್ದರಿಂದ. ಆಕೆಯೇ ಮರೀ ಆಂತ್ವಾನೆತ್. ಅವನು ಹುಟ್ಟಿದ ಏಪ್ರಿಲ್ 29 ಈಗ ಅಂತಾರಾಷ್ಟ್ರೀಯ ನೃತ್ಯ ದಿನ.

ಅಷ್ಟರಲ್ಲಿ ಮುಖವಾಡದ ಕಥೆ ಬೇರೆ ದಾರಿಯಲ್ಲಿ ಮುಗಿಯತೊಡಗಿತ್ತು. 1772ರಲ್ಲಿ ರಾಮೋನ ‘ಕಾಸ್ತೋರ್ ಮತ್ತು ಪೊಲ್ಯುಕ್ಸ್’ನಲ್ಲಿ ಅಪೊಲೊ ಆಗಬೇಕಿದ್ದ ಪ್ರಸಿದ್ಧ ನರ್ತಕ ಗಯೆಟಾನೊ ವೆಸ್ಟ್ರಿಸ್ ಬರಲಾಗಲಿಲ್ಲ. ಅವನ ಜಾಗಕ್ಕೆ ಮ್ಯಾಕ್ಸಿಮಿಲಿಯನ್ ಗಾರ್ಡೆಲ್ ಒಪ್ಪಿದ, ಆದರೆ ಮುಖವಾಡ ಹಾಕಲ್ಲ ಅಂದ. ಯಾಕೆ? ಹಾಕಿದರೆ ಜನ ವೆಸ್ಟ್ರಿಸ್ ಅಂತಲೇ ಚಪ್ಪಾಳೆ ಹೊಡೀತಾರೆ! ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಒಬ್ಬರು ಕೆಲಸ ಮಾಡಿ ಇನ್ನೊಬ್ಬರಿಗೆ ಮಾರ್ಕ್ಸ್ ಹೋಗೋದನ್ನು ನೋಡಿದ ನಮಗೆ ಗಾರ್ಡೆಲ್ ಸಂಕಟ ಚೆನ್ನಾಗಿ ಅರ್ಥವಾಗುತ್ತೆ.

ಶತಮಾನದ ಕೊನೆ

1789ರ ಜುಲೈ 1ರಂದು, ಬಾಸ್ಟಿಲ್ ಕೋಟೆ ಬೀಳುವುದಕ್ಕೆ ಎರಡು ವಾರ ಮೊದಲು, ಬೋರ್ಡೊ ನಗರದಲ್ಲಿ ದೋಬರ್ವಾಲ್‌ನ ‘ಲಾ ಫೀಯ್ ಮಾಲ್ ಗಾರ್ದೆ’ ಎಂಬ ಬ್ಯಾಲೆ ನಡೆಯಿತು. ಅದರಲ್ಲಿ ದೇವರಿಲ್ಲ, ರಾಜನಿಲ್ಲ. ಹಳ್ಳಿಯ ಹುಡುಗಿ, ಅವಳ ತಾಯಿ, ಪ್ರೀತಿಸಿದ ಹುಡುಗ, ಅಷ್ಟೇ. ಕ್ರಾಂತಿಯ ನಂತರ ಊರಿನ ಫ್ಯಾಷನ್ನೇ ಬದಲಾಗಿ ತೆಳು ಮಸ್ಲಿನ್, ಚಪ್ಪಟೆ ಪಾದರಕ್ಷೆ ಬಂದವು. ಆಗ ಯೂರೋಪಿನಲ್ಲಿ ತುಂಬಾ ಹೆಸರಿದ್ದ ಮಸ್ಲಿನ್ ಬರುತ್ತಿದ್ದದ್ದು ಬಂಗಾಳದಿಂದ. 1796ರಲ್ಲಿ ದಿದೆಲೊ ಲಂಡನ್‌ನಲ್ಲಿ ‘ಫ್ಲೋರ್ ಮತ್ತು ಜೆಫೀರ್’ ಆಡಿಸಿದಾಗ ನರ್ತಕರನ್ನು ತಂತಿ ಕಟ್ಟಿ ಗಾಳಿಯಲ್ಲಿ ಹಾರಿಸಿದ. ಬುಟ್ಟಿ ಲಂಗದಲ್ಲಿದ್ದಿದ್ದರೆ ಇದು ಸಾಧ್ಯವಿತ್ತೇ?

ನಾವು ಕಲಿತದ್ದು

ಒಂದು, ಉಡುಪು ಕೊನೆಯಲ್ಲಿ ಮೇಲಿಂದ ಹಾಕುವ ಅಲಂಕಾರ ಅಲ್ಲ. ಯಾವ ಹೆಜ್ಜೆ ಸಾಧ್ಯ, ಯಾವುದು ಕಾಣುತ್ತೆ ಅಂತ ಅದೇ ತೀರ್ಮಾನಿಸುತ್ತೆ. ಎರಡು, ಕಾರಣ ಒಂದೇ ಇರಬೇಕಿಲ್ಲ. ಕಮಾರ್ಗೊಗೆ ಜಿಗಿತ ಕಾಣಬೇಕಿತ್ತು, ಸಾಲೆಗೆ ಪಾತ್ರ ನಿಜ ಅನ್ನಿಸಬೇಕಿತ್ತು, ಗಾರ್ಡೆಲ್‌ಗೆ ತನ್ನ ಹೆಸರು ಉಳಿಯಬೇಕಿತ್ತು. ಮೂರು, “ಇವರಿಗೆ ಇದು ಬರಲ್ಲ” ಅಂತ ಯಾರ ಬಗ್ಗೆಯಾದರೂ ಹೇಳುವ ಮೊದಲು, ಅವರ ಕಾಲಿಗೆ ಏನು ಅಡ್ಡ ಇದೆ ಅಂತ ಒಮ್ಮೆ ನೋಡಬೇಕು. ನಮ್ಮ ಲ್ಯಾಬ್‌ಗಳಿಗೂ ಕ್ಲಾಸ್‌ಗಳಿಗೂ ಈ ಮಾತು ಸಲ್ಲುತ್ತೆ.

ಈ ಸಲದ ಫೆಸ್ಟ್‌ಗೆ ನಾವು ಮೊದಲು ಕಾಸ್ಟ್ಯೂಮ್ ತಂದು, ಅದನ್ನು ಹಾಕ್ಕೊಂಡೇ ಪ್ರಾಕ್ಟೀಸ್ ಶುರು ಮಾಡ್ತೀವಿ. ನೋಡೋಕೆ ಬನ್ನಿ.