ಕರುಳಿನ ಆಪರೇಷನ್ ನಂತರ ನೋವಿಗೆ ಯಾವ ಮಾತ್ರೆ?

ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಔಷಧಿ ಸಾಲದೆ ಹೋದಾಗ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಆಪರೇಷನ್ ಆದ ಮೇಲೆ ರೋಗಿ ನರಳಿದರೆ "ಸ್ವಲ್ಪ ಸಹಿಸಿಕೋ" ಎನ್ನುವವರೇ ಹೆಚ್ಚು. ಇಲ್ಲಿ ಸಹಿಸಿ ಲಾಭವಿಲ್ಲ. ನೋವಿಗೆ ಹೆದರಿದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಎದ್ದು ನಡೆಯುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈ ಕಾಯಿಲೆಯವರಿಗೆ ಮೊದಲೇ ಹೆಚ್ಚು. ಮಲಗಿಯೇ ಇದ್ದರೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ನೋವು ಎಷ್ಟಿದೆ ಎಂದು ನರ್ಸ್ ಕೇಳಿದಾಗ ಮುಚ್ಚಿಡದೆ ಹೇಳಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದರೆ ಗಾಯಕ್ಕೆ ಆಸರೆ ಸಿಗುತ್ತದೆ.

ಹಾಗೆಂದು ಮನೆಯಲ್ಲಿ ಯಾರದೋ ಮಂಡಿನೋವಿಗೆ ತಂದಿಟ್ಟ ಮಾತ್ರೆಯನ್ನು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಹೊಟ್ಟೆ-ಕರುಳಿನ ಒಳಪೊರೆಯನ್ನು ಕಾಯುವುದೂ ಇವೇ ಪ್ರೊಸ್ಟಗ್ಲಾಂಡಿನ್‌ಗಳು! ಹಾಗಾಗಿ ಈ ಮಾತ್ರೆಗಳಿಂದ ಕೆಲವರಲ್ಲಿ ಅಡಗಿದ್ದ ಕಾಯಿಲೆ ಮತ್ತೆ ಕೆರಳುತ್ತದೆ. ಕರುಳು ಜೋಡಿಸಿದ ಜಾಗದಲ್ಲಿ ಸೋರಿಕೆಯಾಗುವ ಭಯವೂ ಇದೆ. ಕಾಂಬಿಫ್ಲಾಮ್‌ನಲ್ಲಿಯೂ ಐಬುಪ್ರೊಫೆನ್ ಇದೆ. ಆಸ್ಪತ್ರೆಯಲ್ಲಿ ಕೆಲವು ವೈದ್ಯರು ಯೋಚಿಸಿ ಒಂದೆರಡು ದಿನ ಇಂತಹ ಔಷಧಿ ಕೊಡುವುದುಂಟು. ಅದು ಅವರ ತೀರ್ಮಾನ, ನಮ್ಮದಲ್ಲ.

ಸಾಮಾನ್ಯವಾಗಿ ಚಿಕಿತ್ಸೆಯ ಬುನಾದಿ ಪ್ಯಾರಾಸಿಟಮಾಲ್. ನೋವು ಏರುವವರೆಗೆ ಕಾಯದೆ, ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಕಾಯಿಲೆಯಿಂದ ಸೊರಗಿ 50 ಕಿಲೋಗಿಂತ ಕಡಿಮೆ ತೂಗುವವರಿಗೆ ಮತ್ತು ಲಿವರ್ ತೊಂದರೆ ಇರುವವರಿಗೆ ಪ್ರಮಾಣ ಇನ್ನೂ ಕಡಿಮೆ. ಶೀತದ ಅನೇಕ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ, ಗಮನಿಸಿ. ಇದರ ಜೊತೆಗೆ ಬೆನ್ನಿನ ಸಣ್ಣ ನಳಿಕೆಯಿಂದ ಅಥವಾ ಹೊಟ್ಟೆಯ ಗೋಡೆಗೆ ಮರಗಟ್ಟಿಸುವ ಔಷಧಿ ಕೊಡುವ ವಿಧಾನಗಳಿವೆ. ಆಪರೇಷನ್‌ಗೆ ಮೊದಲೇ ಅರಿವಳಿಕೆ ವೈದ್ಯರನ್ನು ಇದರ ಬಗ್ಗೆ ಕೇಳಿ.

ತೀವ್ರ ನೋವಿಗೆ ಮಾರ್ಫಿನ್ ಬೇಕಾಗಬಹುದು. "ಅಮಲು ಪದಾರ್ಥವಲ್ಲವೇ?" ಎಂದು ಹಿಂಜರಿಯುವವರಿದ್ದಾರೆ. ವೈದ್ಯರ ನಿಗಾದಲ್ಲಿ ಕೆಲವು ದಿನ ಕೊಡುವುದು ಚಿಕಿತ್ಸೆ, ಚಟವಲ್ಲ. ಅದರ ನಿಜವಾದ ತೊಡಕು ಬೇರೆ: ಅದು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ, ಗಾಳಿ ಹೋಗುವುದು ತಡವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಆದ್ದರಿಂದಲೇ ಸಾಧ್ಯವಾದಷ್ಟು ಕಡಿಮೆ ಕೊಟ್ಟು ಬೇಗ ನಿಲ್ಲಿಸುತ್ತಾರೆ. ಮೊದಲಿನಿಂದಲೂ ಟ್ರಾಮಡಾಲ್‌ನಂತಹ ಮಾತ್ರೆ ನುಂಗುತ್ತಿದ್ದರೆ ಸಂಕೋಚಪಡದೆ ತಿಳಿಸಿ. ಇಲ್ಲವಾದರೆ ಸಾಮಾನ್ಯ ಪ್ರಮಾಣ ನಿಮಗೆ ಸಾಲದೆ ಹೋಗಬಹುದು.

ಆಪರೇಷನ್ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ, ಜ್ವರ, ವಾಂತಿ, ಎದೆಬಡಿತದ ವೇಗ ಅಥವಾ ಹೊಟ್ಟೆ ಬಿಗಿತ ಕಂಡರೆ ಇನ್ನೊಂದು ಮಾತ್ರೆ ನುಂಗಿ ಮಲಗಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಲಕ್ಷಣಗಳು ಮಂದವಾಗಿ ಕಾಣುವುದರಿಂದ ಅಲ್ಪ ಬದಲಾವಣೆಯಾದರೂ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.